ಕಣ್ಣು ಕಟ್ಟಿಕೊಳ್ಳುವ ಮೊದಲು: ಚಾವಡಿಯಲ್ಲಿ ವಿಆರ್ ವ್ಯಾಯಾಮ

ಜೂನ್ ಬಂತು ಅಂದರೆ ನಮ್ಮ ಪುತ್ತೂರಿನ ಕಡೆ ಬೆಳಗ್ಗಿನ ವಾಕಿಂಗ್ ನಿಂತ ಹಾಗೆಯೇ. ಛತ್ರಿ ಹಿಡಿದು ಹೊರಟರೆ ಗಾಳಿಗೆ ಅದು ಮಗುಚಿಕೊಳ್ಳುತ್ತದೆ. ರಸ್ತೆ ಬದಿ ಪೂರ್ತಿ ಪಾಚಿ. "ಶುಗರ್ ಗಡಿಯಲ್ಲಿದೆ, ದಿನಕ್ಕೆ ಅರ್ಧ ಗಂಟೆ ಮೈ ಬೆವರಲಿ" ಎಂದು ಡಾಕ್ಟರ್ ಹೇಳಿ ಎರಡು ವರ್ಷ ಆಯಿತು. ಬೇಸಿಗೆಯಲ್ಲಿ ನಡೆದು ಇಳಿಸಿದ ತೂಕ ಮಳೆಗಾಲದ ನಾಲ್ಕು ತಿಂಗಳಲ್ಲಿ ಮತ್ತೆ ಏರುತ್ತಿತ್ತು. ಹೋದ ವರ್ಷ ಮೇ ತಿಂಗಳಲ್ಲಿ ಮಗ ಬೆಂಗಳೂರಿನಿಂದ ಬರುವಾಗ ಒಂದು ಮೆಟಾ ಕ್ವೆಸ್ಟ್ 3ಎಸ್ ಹೆಡ್‌ಸೆಟ್ ತಂದುಕೊಟ್ಟ. ಕಣ್ಣು ಪೂರ್ತಿ ಮುಚ್ಚುವ ಹಾಗೆ ತಲೆಗೆ ಕಟ್ಟಿಕೊಳ್ಳುವ ಯಂತ್ರ ಅದು, ಒಳಗಿನ ಪರದೆಯಲ್ಲಿ ಬೇರೆಯೇ ಒಂದು ಲೋಕ ಸುತ್ತ ಇದ್ದ ಹಾಗೆ ಕಾಣುತ್ತದೆ. ಇದಕ್ಕೇ ವಿಆರ್ (ವರ್ಚುವಲ್ ರಿಯಾಲಿಟಿ) ಎನ್ನುವುದು. ಎರಡು ಕೈಗೆ ಹಿಡಿದುಕೊಳ್ಳಲು ಎರಡು ಕಂಟ್ರೋಲರ್ ಇರುತ್ತವೆ, ಕೈ ಬೀಸಿ ಆಟ ಆಡುವುದು ಅವುಗಳಿಂದಲೇ. "ಅಮ್ಮ, ಮಳೆ ನಿಲ್ಲುವವರೆಗೆ ಇದರಲ್ಲಿ ಬೆವರಿಳಿಸು" ಎಂದ.

ನನಗೆ 51 ವರ್ಷ. ಸಹಕಾರಿ ಸಂಘದಲ್ಲಿ ಲೆಕ್ಕ ಬರೆಯುವ ಕೆಲಸ. ಮೊಬೈಲ್‌ನಲ್ಲಿ ಕೂಡ ಆಟ ಆಡಿದವಳಲ್ಲ. ಆದರೂ ಹೋದ ಮಳೆಗಾಲ ಪೂರ್ತಿ ವಾರಕ್ಕೆ ಐದು ದಿನ ಬಿಡದೆ ಮಾಡಿದೆ. ನಾನು ಹೆಚ್ಚಾಗಿ ಆಡುವುದು ಹಾಡಿನ ತಾಳಕ್ಕೆ ಕತ್ತಿ ಬೀಸಿ, ಎದುರಿನಿಂದ ಹಾರಿ ಬರುವ ಕಟ್ಟುಗಳನ್ನು (ಬ್ಲಾಕ್) ಕಡಿಯುವ ಆಟ. ಈಗ ನೆರೆಕರೆಯವರು, ಆಫೀಸಿನವರು ಹೇಗೆ, ಏನು ಎಂದು ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಅಷ್ಟಮಿಗೆ ಕಣ್ಣಿಗೆ ಬಟ್ಟೆ ಕಟ್ಟಿ ಮಡಕೆ ಒಡೆಸುವುದನ್ನು ನೋಡಿದ್ದೀರಲ್ವಾ? ಕೋಲು ಹಿಡಿದವನಿಗೆ ಏನೂ ಕಾಣುವುದಿಲ್ಲ. ಸುತ್ತ ಇದ್ದವರು ದೂರ ಸರಿಯುತ್ತಾರೆ, ಮಕ್ಕಳನ್ನು ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ವಿಆರ್ ಹಾಕಿಕೊಂಡ ನೀವು ಆ ಕೋಲು ಹಿಡಿದವರು. ಒಳಗೆ ಏನೇನೋ ಚೆಂದ ಕಾಣುತ್ತದೆ. ಆದರೆ ನಿಮ್ಮ ಮನೆ ಕಾಣುವುದಿಲ್ಲ. ಹಾಗಾಗಿ ಮುಖ್ಯವಾದ ಕೆಲಸವೆಲ್ಲ ಹೆಡ್‌ಸೆಟ್ ತಲೆಗೆ ಏರುವ ಮೊದಲೇ ಮುಗಿದಿರಬೇಕು.

ಜಾಗ

ಕಡಿಮೆ ಎಂದರೂ 2 ಮೀಟರ್ ಉದ್ದ, 2 ಮೀಟರ್ ಅಗಲದ ಖಾಲಿ ಜಾಗ ಬೇಕು. ಅಂದರೆ ಸುಮಾರು ಆರೂವರೆ ಅಡಿ ಚೌಕ. ಹೆಡ್‌ಸೆಟ್ ಹಾಕಿದಾಗ ನೆಲದ ಮೇಲೆ ಗಡಿ ಗೆರೆ ಎಳೆಯಲು ಅದೇ ಕೇಳುತ್ತದೆ. ಆಡುವಾಗ ಗಡಿಯ ಹತ್ತಿರ ಹೋದರೆ ಕಣ್ಣೆದುರು ಬಲೆಯಂಥ ಗೋಡೆ ಮೂಡುತ್ತದೆ. ಆದರೆ ಜೋರಾಗಿ ಬೀಸಿದ ಕೈ ಆ ಬಲೆ ಕಾಣುವಷ್ಟರಲ್ಲಿ ಆಚೆ ದಾಟಿರುತ್ತದೆ. ಆದ್ದರಿಂದ ಗೆರೆಯನ್ನು ಗೋಡೆಗೆ, ಸೋಫಾಕ್ಕೆ ತಾಗಿಸಿ ಎಳೆಯಬೇಡಿ. ಒಂದು ಮೊಳ ಒಳಗೇ ಎಳೆಯಿರಿ. ನಾನು ಮೊದಲ ವಾರ ಟೀಪಾಯ್ ಪಕ್ಕದಲ್ಲೇ ಗೆರೆ ಎಳೆದಿದ್ದೆ. ಎರಡನೇ ಹಾಡಿಗೆ ಬಲಗೈ ಗೆಣ್ಣು ಅದರ ಅಂಚಿಗೆ ಬಡಿದು ನಾಲ್ಕು ದಿನ ಪೆನ್ನು ಹಿಡಿಯಲು ಆಗಲಿಲ್ಲ. ಈಗ ಟೀಪಾಯ್ ಒಳಕೋಣೆಗೆ ಹೋಗಿದೆ.

ಒಂದು ಪರೀಕ್ಷೆ ಮಾಡಿ. ಹೆಡ್‌ಸೆಟ್ ಇಲ್ಲದೆ ಎರಡೂ ಕಂಟ್ರೋಲರ್ ಹಿಡಿದು ನಡುವೆ ನಿಲ್ಲಿ. ಕೈ ಚಾಚಿ ಒಂದು ಸುತ್ತು ತಿರುಗಿ. ಆಮೇಲೆ ನಾಲ್ಕೂ ಕಡೆಗೆ ಒಂದೊಂದು ಹೆಜ್ಜೆ ಇಟ್ಟು ಮತ್ತೆ ಚಾಚಿ. ಎಲ್ಲೂ ಏನೂ ತಾಗಬಾರದು. ಆಮೇಲೆ ತಲೆ ಎತ್ತಿ ಫ್ಯಾನ್ ನೋಡಿ. ಇದನ್ನು ಸುಮಾರು ಜನ ಮರೆಯುತ್ತಾರೆ. ನೀವು ಎಳೆದ ಗೆರೆ ನೆಲದ ಲೆಕ್ಕದ್ದು, ಮೇಲೆ ಎಷ್ಟು ಎತ್ತರ ಇದೆ ಎಂದು ಅದು ಎಚ್ಚರಿಸುವುದಿಲ್ಲ. ನಮ್ಮದು ಹಳೆ ಹಂಚಿನ ಮನೆ, ಮಾಡು ಎತ್ತರ. ನಾನಾದರೋ ಐದು ಅಡಿ ಎರಡಿಂಚು. ಆದರೆ ಮಗನ ಫ್ಲ್ಯಾಟಿನಲ್ಲಿ ಫ್ಯಾನಿನ ರೆಕ್ಕೆ ನೆಲದಿಂದ ಎಂಟು ಅಡಿಗೇ ಇದೆ. ಅವನು ಕೈ ಎತ್ತಿ ಸ್ವಲ್ಪ ಕುಪ್ಪಳಿಸಿದರೆ ಸಾಕು. ಫ್ಯಾನಿನ ನೇರ ಕೆಳಗೆ ನಿಲ್ಲಲೇಬೇಡಿ. ಗಾಳಿಗೆ ಟೇಬಲ್ ಫ್ಯಾನ್ ಒಳ್ಳೆಯದು. ಅದರಿಂದ ಇನ್ನೊಂದು ಉಪಕಾರವೂ ಇದೆ. ಗಾಳಿ ಯಾವ ಕಡೆಯಿಂದ ಮುಖಕ್ಕೆ ಹೊಡೆಯುತ್ತದೆ ಎಂಬುದರಿಂದ, ನೀವು ಯಾವ ಕಡೆ ತಿರುಗಿ ನಿಂತಿದ್ದೀರಿ ಎಂದು ಕಣ್ಣು ಮುಚ್ಚಿದ್ದರೂ ಗೊತ್ತಾಗುತ್ತದೆ.

ಕಾಲಿಗೂ ಅಂಥದ್ದೇ ಒಂದು ಗುರುತು ಬೇಕು. ಜಾಗದ ನಟ್ಟನಡುವೆ ಎರಡಡಿಯ ಒಂದು ತೆಳು ರಬ್ಬರ್ ಮ್ಯಾಟ್ ಹಾಸಿದ್ದೇನೆ. ಬರಿಗಾಲಿಗೆ ಮ್ಯಾಟ್ ಸಿಕ್ಕುತ್ತಿದ್ದರೆ ನಡುವೆ ಇದ್ದೇನೆ, ತಣ್ಣನೆ ನೆಲ ಸಿಕ್ಕಿದರೆ ಸರಿದಿದ್ದೇನೆ. ಚಾಪೆ, ಜಮಖಾನ ಹಾಸಬೇಡಿ, ಜಾರುತ್ತವೆ. ಮಳೆಗಾಲದಲ್ಲಿ ನಮ್ಮ ಕಾವಿ ನೆಲ ತಾನಾಗಿಯೇ ಬೆವರುತ್ತದೆ. ಶುರು ಮಾಡುವ ಮೊದಲು ಒಣಬಟ್ಟೆಯಲ್ಲಿ ಒರೆಸಿಯೇ ನಿಲ್ಲುತ್ತೇನೆ.

ಬಾಗಿಲಿಗೆ ಚಿಲಕ ಹಾಕಿ. ಇಲ್ಲವಾದರೆ ಮನೆಯವರಿಗೆ ಹೇಳಿಬಿಡಿ: ನಾನು ಇದನ್ನು ಹಾಕಿಕೊಂಡಿದ್ದಾಗ ಹತ್ತಿರ ಬಂದು ಮುಟ್ಟಬೇಡಿ, ದೂರದಿಂದ ಹೆಸರು ಹಿಡಿದು ಕರೆಯಿರಿ. ಕಾಲಿಗೆ ಸುತ್ತುವ ಬೆಕ್ಕು ಇದ್ದರೆ ಅದನ್ನು ಹೊರಗೆ ಬಿಡಿ.

ಬೆಳಕು, ಬಿಸಿಲು

ಈ ಹೆಡ್‌ಸೆಟ್‌ಗೆ ಹೊರಗಡೆ ಕ್ಯಾಮೆರಾಗಳಿವೆ. ಅವು ಕೋಣೆಯನ್ನು ನೋಡಿಕೊಂಡು ನೀವು ಎಲ್ಲಿದ್ದೀರಿ, ಕೈ ಎಲ್ಲಿದೆ ಎಂದು ಲೆಕ್ಕ ಹಾಕುತ್ತವೆ. ಕೋಣೆ ಕತ್ತಲಾದರೆ ಲೆಕ್ಕ ತಪ್ಪುತ್ತದೆ, ಕೈ ಎಲ್ಲೋ ಇದ್ದರೆ ಕತ್ತಿ ಎಲ್ಲೋ ಕಾಣುತ್ತದೆ. ಮಳೆಗಾಲದ ಸಂಜೆ ಒಂದೇ ಬಲ್ಬಿನ ಬೆಳಕಿನಲ್ಲಿ ನನಗೆ ಹೀಗಾಗುತ್ತಿತ್ತು. ಇನ್ನೊಂದು ದೀಪ ಹಾಕಿದ ಮೇಲೆ ಸರಿಯಾಯಿತು. ಸೆಟ್ಟಿಂಗ್ಸ್‌ನಲ್ಲಿ ಟ್ರ್ಯಾಕಿಂಗ್ ಫ್ರೀಕ್ವೆನ್ಸಿ ಎಂದು ಇರುತ್ತದೆ. ನಮ್ಮ ದೇಶದ ಕರೆಂಟು 50 ಹರ್ಟ್ಸ್, ಹಾಗಾಗಿ ಟ್ಯೂಬ್‌ಲೈಟಿನಡಿ ತೊಂದರೆ ಆದರೆ ಅದನ್ನು 50ಕ್ಕೆ ಇಟ್ಟು ನೋಡಿ. ದೊಡ್ಡ ಕನ್ನಡಿಯ ಕಪಾಟು ಇದ್ದರೆ ಒಂದು ಸೀರೆ ಇಳಿಬಿಡಿ. ದೀಪಾವಳಿಯ ಸೀರಿಯಲ್ ಲೈಟ್ ಕೂಡ ಆರಿಸಿ. ಕಂಟ್ರೋಲರಿನಲ್ಲಿ ನಮ್ಮ ಕಣ್ಣಿಗೆ ಕಾಣದ ಚಿಕ್ಕ ಚಿಕ್ಕ ದೀಪಗಳಿವೆ. ಕ್ಯಾಮೆರಾ ಅವನ್ನೇ ಹುಡುಕುತ್ತಿರುತ್ತದೆ. ಪ್ರತಿಬಿಂಬ, ಮಿಣುಕು ದೀಪ ಎಲ್ಲ ಸೇರಿದರೆ ಅದಕ್ಕೆ ಗಲಿಬಿಲಿ.

ನಮ್ಮ ಕಡೆಯವರಿಗೆ ಇದೊಂದನ್ನು ಒತ್ತಿ ಹೇಳಬೇಕು. ಹಂಚಿನ ಮನೆಯ ಮಾಡಿನಲ್ಲಿ ಬೆಳಕಿಗೆ ಒಂದೆರಡು ಗಾಜಿನ ಹಂಚು ಇರುತ್ತದಲ್ವಾ? ಅದರಿಂದ ಬೀಳುವ ಬಿಸಿಲಿನ ಕೋಲು ಹೊತ್ತು ಏರಿದಂತೆ ನೆಲದ ಮೇಲೆ, ಮೇಜಿನ ಮೇಲೆ ಸರಿಯುತ್ತಾ ಹೋಗುತ್ತದೆ. ಹೆಡ್‌ಸೆಟ್‌ನ ಒಳಗಿನ ಲೆನ್ಸ್ ಭೂತಗನ್ನಡಿಯ ಹಾಗೆ. ಅದರ ಮೇಲೆ ಬಿಸಿಲು ಬಿದ್ದರೆ ಬೆಳಕು ಒಂದೇ ಕಡೆ ಸೇರಿ ಒಳಗಿನ ಪರದೆಯನ್ನು ಸುಟ್ಟುಬಿಡುತ್ತದೆ. ಆ ಕಲೆ ಮತ್ತೆ ಹೋಗುವುದಿಲ್ಲ. ಬೆಳಗ್ಗೆ ನೆರಳಿನಲ್ಲಿ ಇಟ್ಟದ್ದು ಹನ್ನೊಂದು ಗಂಟೆಗೆ ಬಿಸಿಲಿನಲ್ಲಿರಬಹುದು. ತೆಗೆದ ತಕ್ಷಣ ಲೆನ್ಸಿನ ಮೇಲೆ ಬಟ್ಟೆ ಮುಚ್ಚಿ. ಅಂಗಳದಲ್ಲಂತೂ ಬಳಸಲೇಬೇಡಿ.

ತಲೆಗೆ ಕೂರಿಸುವುದು

3ಎಸ್‌ನ ತೂಕ 514 ಗ್ರಾಂ. ಅರ್ಧ ಕಿಲೋ ಎಲ್ಲ ಮುಖದ ಮೇಲೆಯೇ ಕೂತ ಹಾಗೆ ಅನಿಸಿದರೆ ಪಟ್ಟಿ ತಪ್ಪಾಗಿ ಹಾಕಿದ್ದೀರಿ ಎಂದರ್ಥ. ತಲೆಯ ಹಿಂದೆ, ಕುತ್ತಿಗೆಯ ಮೇಲೆ ಒಂದು ಮೂಳೆ ಉಬ್ಬಿರುತ್ತದೆ. ಹಿಂದಿನ ಪಟ್ಟಿ ಆ ಉಬ್ಬಿನ ಕೆಳಗೆ ಕೂರಬೇಕು. ನಂತರ ನಡುನೆತ್ತಿಯ ಪಟ್ಟಿ ಬಿಗಿ ಮಾಡಿ, ಭಾರ ಅದಕ್ಕೆ ಹೋಗುತ್ತದೆ. ಅಕ್ಕಪಕ್ಕದ್ದನ್ನು ಕೊನೆಗೆ, ಅದೂ ಹಗುರಾಗಿ. ಕೆನ್ನೆಯಲ್ಲಿ ಕೆಂಪು ಗೆರೆ ಉಳಿದರೆ ಬಿಗಿ ಜಾಸ್ತಿ ಆಯಿತು. ಜಡೆ, ತುರುಬು ಇರುವವರು ಕೂದಲನ್ನು ಪಟ್ಟಿಯ ಕೆಳಗೆ ತಗ್ಗಿಸಿ ಕಟ್ಟಿಕೊಳ್ಳಿ. ಕ್ಲಿಪ್ಪು ಬೇಡ.

ಲೆನ್ಸ್‌ಗಳ ನಡುವಿನ ಅಂತರ ಸರಿ ಮಾಡಿಕೊಳ್ಳದಿದ್ದರೆ ಹತ್ತು ನಿಮಿಷಕ್ಕೇ ಕಣ್ಣು ಎಳೆಯುತ್ತದೆ. ಇದರಲ್ಲಿ ಮೂರು ಅಳತೆ ಇವೆ: 58, 63, 68 ಮಿಲಿಮೀಟರ್. ಎರಡು ಕಣ್ಣುಗುಡ್ಡೆಗಳ ನಡುವಿನ ಅಂತರ ಎಷ್ಟು ಎಂದು ಕನ್ನಡಕದ ಅಂಗಡಿಯಲ್ಲಿ ಅಳೆದು ಹೇಳುತ್ತಾರೆ. ನನ್ನದು 60, ನನಗೆ 58ಕ್ಕಿಂತ 63 ಹಿತವಾಗಿತ್ತು. ನಲವತ್ತು ದಾಟಿ ಓದಲು ಮಾತ್ರ ಕನ್ನಡಕ ಹಾಕುವವರಿಗೆ ಇಲ್ಲಿ ಅದು ಬೇಕಾಗುವುದಿಲ್ಲ. ಪರದೆ ಕಣ್ಣಿನ ಹತ್ತಿರವೇ ಇದ್ದರೂ ಲೆನ್ಸ್ ಅದನ್ನು ಒಂದು ಮೀಟರಿಗಿಂತ ಸ್ವಲ್ಪ ದೂರದಲ್ಲಿ ಕಾಣಿಸುತ್ತದೆ. ದೂರದ ಕನ್ನಡಕ ಇದ್ದವರು ಹಾಕಿಕೊಳ್ಳಬೇಕು. ಆದರೆ ಕನ್ನಡಕದ ಗಾಜು ಲೆನ್ಸಿಗೆ ಉಜ್ಜಿ ಗೀರು ಬೀಳದ ಹಾಗೆ ನಡುವೆ ಜಾಗ ಇದೆಯೇ ನೋಡಿಕೊಳ್ಳಿ.

ಕಂಟ್ರೋಲರಿನ ಮಣಿಕಟ್ಟಿನ ದಾರವನ್ನು ಒಂದು ದಿನವೂ ತಪ್ಪಿಸಬೇಡಿ. ಬೆವರಿದ ಕೈಯಿಂದ ಅದು ಜಾರಿ ಹಾರಿದರೆ ಟಿವಿಗೇ ಹೋಗಿ ಬಡಿಯುತ್ತದೆ.

ಮೊದಲ ವಾರ ಹತ್ತೇ ನಿಮಿಷ

ತಲೆ ಸುತ್ತು, ವಾಕರಿಕೆ ಕೆಲವರಿಗೆ ಬರುತ್ತದೆ. ಕಾರಣ ಸುಲಭ. ನೀವು ಮುಂದೆ ಸಾಗುತ್ತಿದ್ದೀರಿ ಎಂದು ಕಣ್ಣು ಹೇಳುತ್ತದೆ, ಇಲ್ಲ, ನಿಂತಲ್ಲೇ ಇದ್ದೀರಿ ಎಂದು ಒಳಗಿವಿ ಹೇಳುತ್ತದೆ. ಶಿರಾಡಿ ಘಾಟಿಯಲ್ಲಿ ಬಸ್ಸಿನೊಳಗೆ ಮೊಬೈಲ್ ನೋಡಿದರೆ ಆಗುತ್ತದಲ್ವಾ, ಅದೇ ಜಾತಿಯದು. ಹಾಗಾಗಿ ಮೊದಲ ದಿನವೇ ರೋಲರ್ ಕೋಸ್ಟರ್ ತೋರಿಸುವವರ ಮಾತು ಕೇಳಬೇಡಿ. ನೀವು ನಿಂತಲ್ಲೇ ನಿಂತು, ಎದುರಿನಿಂದ ವಸ್ತುಗಳು ನಿಮ್ಮ ಕಡೆ ಬರುವ ಆಟ ಹಿಡಿಯಿರಿ. ಒಂದು ಚೂರು ಕಸಿವಿಸಿ ಅನಿಸಿತೋ, ಅಲ್ಲಿಗೇ ತೆಗೆದಿಡಿ. ಹಟ ಮಾಡಿ ಮುಂದುವರಿಸಿದರೆ ಮೈ ಅದನ್ನು ನೆನಪಿಟ್ಟುಕೊಂಡು ಮರುದಿನ ಪೆಟ್ಟಿಗೆ ನೋಡಿದರೇ ವಾಕರಿಸುತ್ತದೆ. ನಾನು ಮೊದಲ ವಾರ ಹತ್ತು ನಿಮಿಷ, ಎರಡನೇ ವಾರ ಹದಿನೈದು, ನಾಲ್ಕನೇ ವಾರಕ್ಕೆ ಅರ್ಧ ಗಂಟೆಗೆ ಬಂದೆ.

ಫಿಟ್ಸ್ ಇರುವವರು, ಗರ್ಭಿಣಿಯರು, ಹೃದಯದ ತೊಂದರೆ ಇರುವವರು, ಪೇಸ್‌ಮೇಕರ್ ಹಾಕಿಸಿಕೊಂಡವರು ಡಾಕ್ಟರನ್ನು ಕೇಳದೆ ಇದಕ್ಕೆ ಕೈ ಹಾಕಬಾರದು. ಇನ್ಸುಲಿನ್ ತೆಗೆದುಕೊಳ್ಳುವವರು ಶುಗರ್ ಇಳಿದುಬಿಡುವ ಬಗ್ಗೆ ಮೊದಲೇ ಮಾತಾಡಿಕೊಳ್ಳಬೇಕು. ನನ್ನ ಅತ್ತೆಗೆ 78. ಅವರಿಗೂ ಆಸೆ, ಕೇಳುತ್ತಲೇ ಇರುತ್ತಾರೆ. ಆದರೆ ಅವರಿಗೆ ಏಳುವಾಗ ತಲೆ ತಿರುಗುವ ತೊಂದರೆ ಇದೆ, ನಾನು ಕೊಟ್ಟಿಲ್ಲ. ನಾನು ಆಡುವುದು ಮೊಬೈಲಿನಲ್ಲೂ ಕಾಣುವ ಹಾಗೆ ಕಾಸ್ಟ್ ಮಾಡಿ ಅವರ ಕೈಗೆ ಕೊಡುತ್ತೇನೆ. ಒಂದು ಕಟ್ಟು ತಪ್ಪಿದರೂ "ಅಯ್ಯೋ ಎಡಗೈ, ಎಡಗೈ" ಎಂದು ಅವರೇ ಕೂಗುತ್ತಾರೆ.

ಬೀಸುವುದು ಹೇಗೆ

ನನ್ನ ಮುಖ್ಯ ಆಟ ಬೀಟ್ ಸೇಬರ್. ಜೆಕ್ ದೇಶದ ಒಂದು ಚಿಕ್ಕ ತಂಡ 2018ರಲ್ಲಿ ಹೊರತಂದ ಆಟ. ಎಡಗೈಯಲ್ಲಿ ಕೆಂಪು ಕತ್ತಿ, ಬಲಗೈಯಲ್ಲಿ ನೀಲಿ. ಹಾಡಿನ ತಾಳಕ್ಕೆ ಸರಿಯಾಗಿ ಕೆಂಪು, ನೀಲಿ ಕಟ್ಟುಗಳು ಹಾರಿ ಬರುತ್ತವೆ. ಬಾಣ ತೋರಿಸಿದ ದಿಕ್ಕಿಗೆ ಕಡಿಯಬೇಕು. ಮೊದಲು ಉಚಿತ ಡೆಮೊ ಇಳಿಸಿಕೊಂಡು ನೋಡಿ.

ಇದರಲ್ಲಿ ಎರಡು ರೀತಿ ಆಡಬಹುದು. ಮಣಿಕಟ್ಟು ಮಾತ್ರ ಅಲ್ಲಾಡಿಸಿ ನೊಣ ಓಡಿಸಿದ ಹಾಗೆ ಆಡಿದರೂ ಕಟ್ಟು ತುಂಡಾಗುತ್ತದೆ. ಆದರೆ ಬೆವರು ಬರುವುದಿಲ್ಲ, ಅಂಕವೂ ಬರುವುದಿಲ್ಲ. ಒಂದು ಕಟ್ಟಿಗೆ ಜಾಸ್ತಿ ಎಂದರೆ 115 ಅಂಕ. ಅದರಲ್ಲಿ 70 ಅಂಕ ಕಡಿಯುವ ಮೊದಲಿನ ಬೀಸಿಗೆ, ಆ ಬೀಸು 100 ಡಿಗ್ರಿಯಷ್ಟು ಇರಬೇಕು. 30 ಅಂಕ ಕಡಿದ ಮೇಲೆ ಕೈ ಮುಂದೆ ಹೋಗುವುದಕ್ಕೆ, ಅದು 60 ಡಿಗ್ರಿ. ನಡುವಿಗೆ ಸರಿಯಾಗಿ ಕಡಿದರೆ 15. ಅಂದರೆ ಕತ್ತಿಯನ್ನು ಚೆನ್ನಾಗಿ ಹಿಂದಕ್ಕೆ ಎತ್ತಿ, ದೊಡ್ಡದಾಗಿ ಬೀಸಿದವರಿಗೇ ಅಂಕ. ನೀವು ಈ ಬೀಸನ್ನು ಮಣಿಕಟ್ಟಿನಿಂದ ಅಲ್ಲ, ಭುಜದಿಂದ ತನ್ನಿ. ಜೊತೆಗೆ ಸೊಂಟ ತಿರುಗಲಿ. ಮೊಣಕಾಲು ಒಂಚೂರು ಬಗ್ಗಿರಲಿ. ಇದು ಗೊತ್ತಾದ ದಿನದಿಂದ ನನಗೆ ಸುಲಭದ ಹಾಡಿನಲ್ಲೇ ಮೈ ಒದ್ದೆಯಾಗಲು ಶುರುವಾಯಿತು. ಕಷ್ಟದ ಹಂತಕ್ಕೆ ಹಾರಲು ಅವಸರ ಬೇಡ. ಅಲ್ಲಿ ಕಟ್ಟುಗಳು ಎಷ್ಟು ಬೇಗ ಬರುತ್ತವೆ ಎಂದರೆ ಎಲ್ಲರೂ ಮತ್ತೆ ಮಣಿಕಟ್ಟಿಗೇ ಇಳಿಯುತ್ತಾರೆ. ನಾರ್ಮಲ್ ಹಂತದಲ್ಲಿ ದೊಡ್ಡದಾಗಿ ಬೀಸುವುದು ವ್ಯಾಯಾಮಕ್ಕೆ ಮೇಲು.

ಶುರುವಿನಲ್ಲಿ ಆಟದ 'ನೋ ಫೇಲ್' ಎಂಬ ಆಯ್ಕೆ ಹಾಕಿಕೊಳ್ಳಿ. ತಪ್ಪಾದರೂ ಹಾಡು ಅರ್ಧಕ್ಕೆ ನಿಲ್ಲುವುದಿಲ್ಲ. 'ಸ್ಲೋವರ್ ಸಾಂಗ್' ಎಂದರೆ ಹಾಡು ನಿಧಾನ. ಆಟದಲ್ಲಿ ಕಟ್ಟುಗಳ ನಡುವೆ ಗೋಡೆಯೂ ಎದುರು ಬರುತ್ತದೆ, ಆಗ ಕುಕ್ಕರಿಸಿ ತಪ್ಪಿಸಿಕೊಳ್ಳಬೇಕಾಗುತ್ತದೆ. ಮೊಣಕಾಲು ನೋವು ಇದ್ದವರು 'ನೋ ವಾಲ್ಸ್' ಹಾಕಿ. ಮೊಣಕಾಲು ಗಟ್ಟಿ ಇದ್ದವರು ಗೋಡೆ ಬಿಡಬೇಡಿ. ಈ ಆಟದಲ್ಲಿ ಕಾಲಿಗೆ ಸಿಗುವ ಕೆಲಸ ಹೆಚ್ಚೂ ಕಡಿಮೆ ಅದೊಂದೇ.

ಗುದ್ದುವ ಆಟಗಳೂ ಇವೆ. ಫಿಟ್‌ಎಕ್ಸ್‌ಆರ್, ಲೆಸ್ ಮಿಲ್ಸ್ ಬಾಡಿಕಾಂಬ್ಯಾಟ್ ಹೇಳಿಕೊಡುವವರ ಜೊತೆ ಮಾಡುವ ತರಗತಿಯ ಹಾಗೆ. 'ದ ಥ್ರಿಲ್ ಆಫ್ ದ ಫೈಟ್' ಎದುರಾಳಿಯ ಜೊತೆ ನೇರ ಬಾಕ್ಸಿಂಗ್. ಅದರಲ್ಲಿ ನಾನು ಎರಡು ರೌಂಡಿಗೇ ಕೂತುಬಿಟ್ಟೆ. ಅದು ಈ ಎಲ್ಲದರಲ್ಲಿ ಜಾಸ್ತಿ ಏದುಸಿರು ತರುವಂಥದ್ದು. ಜಾಗವೂ ಜಾಸ್ತಿ ಬೇಕು. ಗುದ್ದುವಾಗ ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿ. ನಿಜವಾದ ಚೀಲಕ್ಕೆ ಗುದ್ದಿದರೆ ಚೀಲ ಕೈಯನ್ನು ತಡೆಯುತ್ತದೆ. ಇಲ್ಲಿ ತಡೆಯಲು ಏನೂ ಇಲ್ಲ. ಜೋರಾಗಿ ಗುದ್ದಿದ ಕೈ ಪೂರ್ತಿ ನೆಟ್ಟಗಾಗಿ ಮೊಣಕೈ ಕೀಲಿಗೆ ಎಳೆತ ಬೀಳುತ್ತದೆ. ಮೂರನೇ ವಾರ ನನಗೆ ತೆಂಗಿನಕಾಯಿ ತುರಿಯಲು ಆಗದಷ್ಟು ಮೊಣಕೈ ನೋವು ಬಂತು. ಗುದ್ದುವ ಆಟವನ್ನು ಎರಡು ವಾರ ಬಿಟ್ಟು ಮತ್ತೆ ಶುರು ಮಾಡಬೇಕಾಯಿತು. ಕೈ ಪೂರ್ತಿ ಚಾಚುವ ಮೊದಲೇ ನೀವೇ ನಿಲ್ಲಿಸಿ, ಹಿಂದಕ್ಕೆ ತನ್ನಿ. ಕಂಟ್ರೋಲರನ್ನು ಬಿಗಿಯಾಗಿ ಅಮುಕಬೇಡಿ, ದಾರ ಇದೆಯಲ್ವಾ, ಸಡಿಲವಾಗಿ ಹಿಡಿಯಿರಿ.

ನಮ್ಮ ಮನೆಯವರಿಗೆ ಇಷ್ಟವಾದದ್ದು ಇಲೆವನ್ ಟೇಬಲ್ ಟೆನಿಸ್. ಮೇಜು ಎಷ್ಟು ನಿಜ ಕಾಣುತ್ತದೆ ಎಂದರೆ, ಆಟ ಮುಗಿದ ಮೇಲೆ ಅವರು ಸುಸ್ತಾಗಿ ಅದಕ್ಕೆ ಕೈ ಊರಲು ಹೋದರು. ಮೇಜು ಇಲ್ಲ! ನಾನು ಪಕ್ಕದಲ್ಲೇ ಇದ್ದು ರಟ್ಟೆ ಹಿಡಿದುಕೊಂಡೆ. ಹೆಡ್‌ಸೆಟ್ ಒಳಗೆ ಕಾಣುವ ಯಾವುದಕ್ಕೂ ಒರಗಬಾರದು, ಕೂರಬಾರದು. ಅನುಮಾನ ಬಂದರೆ ಹೆಡ್‌ಸೆಟ್ ಬದಿಗೆ ಬೆರಳಿನಿಂದ ಎರಡು ಸಲ ತಟ್ಟಿ. ಆ ಸೌಲಭ್ಯ ಆನ್ ಇದ್ದರೆ ಹೊರಗಿನ ಕೋಣೆ ಕಾಣುತ್ತದೆ.

ಅರ್ಧ ಗಂಟೆಯ ಲೆಕ್ಕ

ನನ್ನದು ಹೀಗೆ. ಮೊದಲ ಐದು ನಿಮಿಷ ಹೆಡ್‌ಸೆಟ್ ಇಲ್ಲದೆ ಕುತ್ತಿಗೆ, ಭುಜ, ಸೊಂಟ ತಿರುಗಿಸುತ್ತೇನೆ. ಆಮೇಲೆ ಎರಡು ನಿಧಾನದ ಹಾಡು. ನಂತರ ಬಿರುಸಿನ ನಾಲ್ಕೈದು ಹಾಡು. ನಡುವೆ ಒಮ್ಮೆ ತೆಗೆದು ಮುಖ ಒರೆಸಿ ನೀರು ಕುಡಿಯುತ್ತೇನೆ. ಕೊನೆಗೆ ಮತ್ತೆ ಒಂದು ನಿಧಾನದ್ದು. ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಬಿರುಸಿನ ವ್ಯಾಯಾಮ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಐದು ದಿನ ಅರ್ಧರ್ಧ ಗಂಟೆ ಎಂದರೆ 150 ಆಯಿತು.

ಬಿರುಸು ಎಷ್ಟಿದೆ ಎಂದು ತಿಳಿಯಲು ಹೆಡ್‌ಸೆಟ್ ತೋರಿಸುವ ಕ್ಯಾಲೊರಿಯನ್ನು ನಾನು ಜಾಸ್ತಿ ನಂಬುವುದಿಲ್ಲ. ಅದು ತಲೆ ಮತ್ತು ಕೈ ಅಲುಗಿದ್ದನ್ನು ನೋಡಿ ಮಾಡುವ ಅಂದಾಜು. ನಾಡಿ ಹಿಡಿದು ನೋಡುತ್ತೇನೆ. 220ರಲ್ಲಿ ವಯಸ್ಸು ಕಳೆದರೆ ನನಗೆ 169. ಅದರ ಶೇಕಡಾ 64ರಿಂದ 76ರ ಒಳಗೆ ಇದ್ದರೆ ಮಧ್ಯಮ. ಅಂದರೆ ನಿಮಿಷಕ್ಕೆ 108ರಿಂದ 128. ಲೆಕ್ಕ ಬೇಡ ಎನ್ನುವವರಿಗೆ ಮಾತೇ ಸಾಕು. ಮಾತಾಡಲು ಆಗಬೇಕು, ಹಾಡಲು ಆಗಬಾರದು. ಬಿಪಿ ಮಾತ್ರೆಗಳಲ್ಲಿ ಕೆಲವು ನಾಡಿಯನ್ನೇ ತಗ್ಗಿಸುತ್ತವೆ, ಅಂಥವರು ಮಾತಿನ ಪರೀಕ್ಷೆಯನ್ನೇ ಹಿಡಿಯಲಿ.

ವಿಆರ್ ಒಂದರಿಂದಲೇ ಎಲ್ಲ ಆಗುವುದಿಲ್ಲ. ಕೈ, ಭುಜಕ್ಕೆ ಕೆಲಸ ಬೀಳುತ್ತದೆ, ತೊಡೆಗೆ ಸಾಲದು. ವಾರಕ್ಕೆ ಎರಡು ದಿನ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಗೋಡೆಗೆ ಕೈ ಕೊಟ್ಟು ದಂಡ ಹೊಡೆಯುವುದು ಬೇರೆಯಾಗಿ ಮಾಡುತ್ತೇನೆ.

ಕರೆಂಟು ಹೋದಾಗ ಹೆಡ್‌ಸೆಟ್ ಬ್ಯಾಟರಿಯಲ್ಲಿ ನಡೆಯುತ್ತದೆ, ಸುಮಾರು ಎರಡು ಗಂಟೆ. ಆದರೆ ಬೆಳಕು ಹೋದರೆ ಆಡಲು ಆಗುವುದಿಲ್ಲ. ಚಾವಡಿಯ ಎರಡು ದೀಪ ಇನ್ವರ್ಟರ್‌ಗೆ ಸೇರಿಸಿಕೊಳ್ಳಿ. ಇಳಿಸಿಕೊಂಡ ಹಾಡುಗಳಿಗೆ ಬೀಟ್ ಸೇಬರ್‌ನಲ್ಲಿ ನೆಟ್ ಬೇಕಿಲ್ಲ. ಮಿಂಚು ಬಂದರೆ ನೆಟ್ ಹೋಗುವ ನಮ್ಮಂಥ ಊರಿಗೆ ಇದು ದೊಡ್ಡ ಅನುಕೂಲ.

ಬೆವರು ಮತ್ತು ಬೂಷ್ಟು

ಕರಾವಳಿಯಲ್ಲಿ ಈ ಯಂತ್ರದ ದೊಡ್ಡ ಶತ್ರು ತೇವ. ಹಣೆಗೆ ಒಂದು ತೆಳು ಬೈರಾಸು ಪಟ್ಟಿ ಕಟ್ಟಿಕೊಂಡು ಅದರ ಮೇಲೆ ಹೆಡ್‌ಸೆಟ್ ಹಾಕಿದರೆ ಅರ್ಧ ಬೆವರು ಅದೇ ಹೀರುತ್ತದೆ. ಮುಖಕ್ಕೆ ತಾಗುವ ಜಾಗಕ್ಕೆ ಸಿಲಿಕೋನ್ ಕವರ್ ಹಾಕಿದರೆ ತೊಳೆದು ಒಣಗಿಸಬಹುದು. ಶುರುವಿಗೆ ಲೆನ್ಸ್ ಮಂಜಾದರೆ ಗಾಬರಿ ಬೇಡ. ಮುಖದ ಬಿಸಿಗೆ ತಣ್ಣನೆ ಲೆನ್ಸ್ ಮಂಜಾಗುತ್ತದೆ. ಆನ್ ಮಾಡಿ ಐದು ನಿಮಿಷ ಬಿಟ್ಟರೆ ಅದೂ ಬೆಚ್ಚಗಾಗುತ್ತದೆ.

ಲೆನ್ಸನ್ನು ಕನ್ನಡಕ ಒರೆಸುವ ಮೆತ್ತನೆಯ ಒಣಬಟ್ಟೆಯಿಂದ ಮಾತ್ರ ಒರೆಸಿ. ನಡುವಿನಿಂದ ಹೊರಕ್ಕೆ ಸುತ್ತುತ್ತಾ ಬನ್ನಿ. ಸ್ಪಿರಿಟ್, ಸ್ಯಾನಿಟೈಸರ್, ಸೀರೆ ಸೆರಗು ಯಾವುದೂ ಬೇಡ. ಬೆವರು ಆರುವ ಮೊದಲು ಚಾರ್ಜಿಗೆ ಹಾಕಬೇಡಿ. ನಾನು ಫ್ಯಾನಿನ ಗಾಳಿಗೆ ಒಂದು ಗಂಟೆ ಇಟ್ಟು, ನಂತರ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡುತ್ತೇನೆ. ಹೀಗೆ ಇಡದಿದ್ದರೆ ಮದುವೆ ಆಲ್ಬಮ್ಮಿಗೆ, ಚಪ್ಪಲಿಗೆ ಬರುವ ಬೂಷ್ಟು ಲೆನ್ಸಿಗೂ ಬರುತ್ತದೆ. ಪೊಟ್ಟಣಗಳನ್ನು ತಿಂಗಳಿಗೊಮ್ಮೆ ಬದಲಿಸುತ್ತೇನೆ.

ಅಕ್ಟೋಬರ್‌ನಲ್ಲಿ ಮಳೆ ನಿಂತ ಮೇಲೆ ನಾನು ಮತ್ತೆ ರಸ್ತೆಗೆ ಇಳಿಯುತ್ತೇನೆ. ಆಗ ಹೆಡ್‌ಸೆಟ್ ವಾರಕ್ಕೊಮ್ಮೆ ಮಾತ್ರ ಹೊರಗೆ ಬರುತ್ತದೆ. ನೀವೂ ತುಂಬಾ ದಿನ ಎತ್ತಿಡುವುದಾದರೆ ಬ್ಯಾಟರಿಯನ್ನು ಅರ್ಧದಷ್ಟು ಚಾರ್ಜ್ ಮಾಡಿ ಪೂರ್ತಿ ಆಫ್ ಮಾಡಿ. ಎರಡೂ ಕಂಟ್ರೋಲರ್‌ಗಳಿಂದ ಒಂದೊಂದು ಡಬಲ್ ಎ ಸೆಲ್ ತೆಗೆದು ಬೇರೆ ಇಡಿ. ಹಳೆ ಟಾರ್ಚಿನೊಳಗೆ ಸೆಲ್ ಒಡೆದು ಹಸಿರು ಕಿಲುಬು ಹಿಡಿದಿರುವುದನ್ನು ನೋಡಿರುತ್ತೀರಿ, ಇಲ್ಲೂ ಹಾಗೇ ಆಗುತ್ತದೆ.